ಮೂರು ಕಂಪ್ಯೂಟರ್, ಒಂದೇ ಪ್ರಿಂಟ್ ಕ್ಯೂ: ಅಂಗಡಿಯಲ್ಲಿ ಸ್ಪೂಲರ್ ಇಡುವ ಕ್ರಮ

ಶಿರಸಿಯಲ್ಲಿ ನನ್ನದೊಂದು ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ ಇದೆ. ಮುಂದೆ ಕೌಂಟರಿನಲ್ಲಿ ಮೂರು ಕಂಪ್ಯೂಟರ್. ಹಿಂದಿನ ಕೋಣೆಯಲ್ಲಿ, ಪೇಪರ್ ರಿಮ್ಮುಗಳ ಪಕ್ಕ, ಒಂದು ಹಳೆಯ ಸಿಪಿಯು. ಅದಕ್ಕೆ ಮಾನಿಟರ್ ಇಲ್ಲ, ಮೌಸ್ ಇಲ್ಲ. ಮೂರೂ ಕಂಪ್ಯೂಟರ್‌ಗಳಿಂದ ಬರುವ ಪ್ರಿಂಟ್‌ಗಳನ್ನು ತೆಗೆದುಕೊಂಡು, ಸಾಲಾಗಿ ನಿಲ್ಲಿಸಿ, ಒಂದೊಂದಾಗಿ ಪ್ರಿಂಟರಿಗೆ ಕೊಡುವುದಷ್ಟೇ ಅದರ ಕೆಲಸ. ಆ ಸಾಲಿಗೆ ಕ್ಯೂ ಅಂತಲೂ, ಸಾಲು ನಡೆಸುವುದಕ್ಕೆ ಸ್ಪೂಲರ್ ಅಂತಲೂ ಹೆಸರು. ಬೆಳಿಗ್ಗೆ ಶಟರ್ ಎತ್ತಿದಾಗಿನಿಂದ ರಾತ್ರಿ ಇಳಿಸುವ ತನಕ ಓಡುತ್ತಲೇ ಇರುತ್ತದೆ.

ಅದನ್ನು ಹೇಗೆ ಕೂರಿಸಬೇಕು, ಹೇಗೆ ನೋಡಿಕೊಳ್ಳಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿ ಇರುವವರಿಗೆ, ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರಿಗೆ, ಸೊಸೈಟಿ ಆಫೀಸಿನಲ್ಲಿ ಕೂರುವವರಿಗೆ ಇದು ಉಪಯೋಗಕ್ಕೆ ಬಂದೀತು. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹಾಕಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸ್ಪೂಲರಿನಿಂದ ನಾನು ಬಯಸುವುದು ಎರಡು. ಬಂದ ಕೆಲಸ ಕಳೆದುಹೋಗಬಾರದು. ಮುಗಿದ ಕೆಲಸ ಅಲ್ಲೇ ಉಳಿಯಬಾರದು. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ, ಎರಡನೆಯದನ್ನು ಕೇಳುವವರು ಕಡಿಮೆ. ನಮ್ಮಂಥ ಅಂಗಡಿಯ ಕ್ಯೂನಲ್ಲಿ ಏನೆಲ್ಲ ಹಾದುಹೋಗುತ್ತದೆ ಅಂತ ಯೋಚನೆ ಮಾಡಿ. ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ಜಾತಿ-ಆದಾಯ ಪ್ರಮಾಣಪತ್ರ, ಪಹಣಿ, ಆಸ್ಪತ್ರೆಯ ರಿಪೋರ್ಟು, ಕೋರ್ಟಿನ ನೋಟಿಸು. ಜನ ನಂಬಿ ಕೊಟ್ಟ ಕಾಗದ ಅದು.

ಒಳಗೆ ನಡೆಯುವುದು

ನೀವು ಪ್ರಿಂಟ್ ಕೊಟ್ಟ ಕೂಡಲೇ ಅದು ನೇರವಾಗಿ ಪ್ರಿಂಟರಿಗೆ ಹೋಗುವುದಿಲ್ಲ. ಪ್ರಿಂಟರ್ ನಿಧಾನ, ಕಂಪ್ಯೂಟರ್ ಜೋರು. ಹಾಗಾಗಿ ಮೊದಲು ಆ ಕೆಲಸ ಒಂದು ಫೈಲಾಗಿ ಡಿಸ್ಕಿನಲ್ಲಿ ಕೂರುತ್ತದೆ. ನಿಮ್ಮ ವರ್ಡ್ ಅಥವಾ ಪೇಜ್‌ಮೇಕರ್ ಅಲ್ಲಿಗೆ ಬಿಡುಗಡೆ. ಆಮೇಲೆ ಹಿನ್ನೆಲೆಯಲ್ಲಿ ಓಡುತ್ತಿರುವ ಸೇವೆ ಆ ಫೈಲನ್ನು ಎತ್ತಿಕೊಂಡು, ಪ್ರಿಂಟರಿಗೆ ಅರ್ಥವಾಗುವ ಭಾಷೆಗೆ ತಿರುಗಿಸಿ, ಪ್ರಿಂಟರ್ ತೆಗೆದುಕೊಂಡಷ್ಟು ಕೊಡುತ್ತಾ ಹೋಗುತ್ತದೆ. ಪೇಪರ್ ಮುಗಿದರೆ ಕಾಯುತ್ತದೆ.

ವಿಂಡೋಸಿನಲ್ಲಿ ಈ ಸೇವೆಯ ಹೆಸರು ಪ್ರಿಂಟ್ ಸ್ಪೂಲರ್. ಲಿನಕ್ಸಿನಲ್ಲಿ ಕಪ್ಸ್. ಕಪ್ಸ್ ಬರೆಯಲು ಶುರು ಮಾಡಿದವರು ಮೈಕೆಲ್ ಸ್ವೀಟ್. ಅದು 1999ರಲ್ಲಿ ಹೊರಬಂತು. 2002ರಲ್ಲಿ ಆ್ಯಪಲ್ ತನ್ನ ಮ್ಯಾಕ್‌ಗೂ ಅದನ್ನೇ ಹಾಕಿಕೊಂಡಿತು. ನನ್ನ ಹಿಂದಿನ ಕೋಣೆಯಲ್ಲಿ ಓಡುವುದೂ ಅದೇ, ಡೆಬಿಯನ್ ಎಂಬ ಲಿನಕ್ಸ್ ಮೇಲೆ.

ಈಗಿನ ಪ್ರಿಂಟರ್‌ಗಳಲ್ಲೇ ವೈಫೈ ಇರುತ್ತದಲ್ಲ, ಬೇರೆ ಕಂಪ್ಯೂಟರ್ ಯಾಕೆ ಅಂತ ಕೇಳಬಹುದು. ನಮ್ಮ ಕಡೆ ಅಂಗಡಿಗಳಲ್ಲಿ ಇನ್ನೂ ಓಡುತ್ತಿರುವ ಎಷ್ಟೋ ಲೇಸರ್ ಪ್ರಿಂಟರ್‌ಗಳಿಗೆ ಇರುವುದು ಯುಎಸ್‌ಬಿ ಕೇಬಲ್ ಒಂದೇ. ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900 ಇದ್ದವರಿಗೆ ಇದು ಗೊತ್ತು. ಅವು ಗಟ್ಟಿ ಮಷಿನ್‌ಗಳು, ಟೋನರ್ ತುಂಬಿಸಿ ವರ್ಷಗಟ್ಟಲೆ ಓಡಿಸಬಹುದು. ಅವನ್ನು ಮೂರು ಕಂಪ್ಯೂಟರ್‌ಗೆ ಹಂಚಬೇಕಾದರೆ ನಡುವೆ ಒಂದು ಕಂಪ್ಯೂಟರ್ ಬೇಕೇ ಬೇಕು. ಕೌಂಟರಿನ ಕಂಪ್ಯೂಟರ್ ಒಂದಕ್ಕೇ ಪ್ರಿಂಟರ್ ಸಿಕ್ಕಿಸಿ ಶೇರ್ ಮಾಡಬಹುದು, ನಿಜ. ಆದರೆ ಆ ಕಂಪ್ಯೂಟರ್ ಹ್ಯಾಂಗ್ ಆದರೆ, ಯಾರೋ ರೀಸ್ಟಾರ್ಟ್ ಮಾಡಿದರೆ, ಉಳಿದ ಇಬ್ಬರ ಪ್ರಿಂಟೂ ನಿಂತಿತು. ಪರೀಕ್ಷೆ ಹೊತ್ತಿನಲ್ಲಿ ಹಾಲ್ ಟಿಕೆಟ್‌ಗೆ ಹುಡುಗರು ಸಾಲು ನಿಂತಾಗ ಅದು ಆಗಬಾರದು.

ಮಷಿನ್ ತಯಾರಿ

ದೊಡ್ಡ ಕಂಪ್ಯೂಟರ್ ಬೇಡ. 4 ಜಿಬಿ ರ‍್ಯಾಮ್ ಇರುವ ಹಳೆಯ ಸಿಪಿಯು ಸಾಕು. ಹಾರ್ಡ್‌ಡಿಸ್ಕ್ ಬದಲು ಸಣ್ಣ ಎಸ್‌ಎಸ್‌ಡಿ ಹಾಕಿದರೆ ಒಳ್ಳೆಯದು.

ಬಯೋಸ್‌ಗೆ, ಅಂದರೆ ಕಂಪ್ಯೂಟರ್ ಆನ್ ಆಗುವಾಗಲೇ ತೆರೆಯುವ ಸೆಟ್ಟಿಂಗ್ ಪುಟಕ್ಕೆ, ಹೋಗಿ ಒಂದು ಸೆಟ್ಟಿಂಗ್ ಬದಲಿಸಿ. ಎಸಿ ಪವರ್ ಹೋಗಿ ಬಂದ ಮೇಲೆ ಏನು ಮಾಡಬೇಕು ಅಂತ ಕೇಳುವ ಜಾಗ ಇರುತ್ತದೆ. ಅಲ್ಲಿ ಪವರ್ ಆನ್ ಅಂತ ಇಡಿ. ಆಗ ಕರೆಂಟು ಬಂದ ಕೂಡಲೇ ಮಷಿನ್ ತಾನಾಗಿಯೇ ಎದ್ದುಕೊಳ್ಳುತ್ತದೆ. ಮಾನಿಟರ್ ಇಲ್ಲದ ಮಷಿನ್ನಿಗೆ ಇದು ಬಹಳ ಮುಖ್ಯ.

ಡೆಬಿಯನ್ ಹಾಕುವಾಗ ಡೆಸ್ಕ್‌ಟಾಪ್ ಆಯ್ಕೆ ಬಿಟ್ಟುಬಿಡಿ. ಡೆಸ್ಕ್‌ಟಾಪ್ ಇದ್ದರೆ ಸುಮ್ನೆ ಮೆಮೊರಿ ತಿನ್ನುತ್ತದೆ, ಮೇಲಾಗಿ ಯಾರೂ ಮುಟ್ಟದಿದ್ದರೆ ಮಷಿನ್ ನಿದ್ದೆಗೆ ಹೋಗಲೂಬಹುದು.

ಇನ್ನು ವಿಳಾಸ. ಸ್ಪೂಲರ್ ಮಷಿನ್ನಿನ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ನಂಬರು, ದಿನಕ್ಕೊಂದು ಆಗಬಾರದು. ರೌಟರ್ ಒಳಗೆ ಡಿಎಚ್‌ಸಿಪಿ ರಿಸರ್ವೇಶನ್ ಅಂತ ಇರುತ್ತದೆ. ಅಲ್ಲಿ ಈ ಮಷಿನ್ನಿಗೆ ಒಂದು ವಿಳಾಸ ಖಾಯಂ ಮಾಡಿ, ಉದಾಹರಣೆಗೆ 192.168.1.50. ಆ ನಂಬರನ್ನು ಸಿಪಿಯು ಮೇಲೆ ಸ್ಟಿಕರ್ ಮಾಡಿ ಅಂಟಿಸಿ. ರೌಟರಿಗೆ ವೈಫೈ ಬದಲು ಕೇಬಲ್ಲಿನಲ್ಲೇ ಜೋಡಿಸಿ. "ಪ್ರಿಂಟರ್ ಆಫ್‌ಲೈನ್" ಅಂತ ಬರುವ ದೂರುಗಳಲ್ಲಿ ಸುಮಾರು ಪಾಲು ಈ ಎರಡರಿಂದಲೇ ಹೋಗುತ್ತವೆ.

ಕಪ್ಸ್ ಕೂರಿಸುವುದು

ಇದು ಸುಲಭದ ಭಾಗ. ಸುಡೋ ಆ್ಯಪ್ಟ್ ಇನ್‌ಸ್ಟಾಲ್ ಕಪ್ಸ್ ಅಂತ ಕೊಟ್ಟರೆ ಬಂದು ಕೂರುತ್ತದೆ, ಮಷಿನ್ ಎದ್ದಾಗಲೆಲ್ಲ ತಾನೇ ಶುರುವಾಗುತ್ತದೆ. ಸುಡೋ ಅಂದರೆ ಅಡ್ಮಿನ್ ಹಕ್ಕಿನಲ್ಲಿ ಓಡಿಸು ಅಂತ. ಎಚ್‌ಪಿ ಪ್ರಿಂಟರ್ ಇದ್ದರೆ ಎಚ್‌ಪಿಲಿಪ್ ಎಂಬ ಅದರ ಲಿನಕ್ಸ್ ಡ್ರೈವರನ್ನೂ ಹಾಕಿ. 1020ರಂಥ ಮಾಡೆಲ್‌ಗಳು ಆಫ್ ಮಾಡಿದಾಗ ತಮ್ಮ ಫರ್ಮ್‌ವೇರ್, ಅಂದರೆ ಒಳಗೆ ಓಡುವ ಸಾಫ್ಟ್‌ವೇರ್, ಮರೆಯುತ್ತವೆ. ಪ್ರತಿ ಸಲ ಆನ್ ಆದಾಗ ಕಂಪ್ಯೂಟರ್ ಅದನ್ನು ತುಂಬಬೇಕು. ಅದಕ್ಕೆ ಎಚ್‌ಪಿ ಪ್ಲಗಿನ್ ಬೇಕು. ಎಲ್‌ಬಿಪಿ 2900ಗೆ ಕ್ಯಾಪ್ಟ್ ಎಂಬ ಬೇರೆಯೇ ಡ್ರೈವರ್ ಬೇಕು. ಅದನ್ನು ಲಿನಕ್ಸ್ ಮೇಲೆ ಕೂರಿಸುವುದು ತಲೆನೋವು. ನಿಮ್ಮಲ್ಲಿ ಅದೊಂದೇ ಇದ್ದರೆ ಸುಮ್ಮನೆ ವಿಂಡೋಸ್ ಸ್ಪೂಲರನ್ನೇ ಇಟ್ಟುಕೊಳ್ಳಿ, ಅದರ ಬಗ್ಗೆ ಕೆಳಗೆ ಬರೆದಿದ್ದೇನೆ.

ಆಮೇಲೆ ನಿಮ್ಮ ಯೂಸರ್ ಹೆಸರನ್ನು ಎಲ್‌ಪಿಅಡ್ಮಿನ್ ಎಂಬ, ಪ್ರಿಂಟರ್ ನಿಭಾಯಿಸುವ ಹಕ್ಕಿರುವ ಗುಂಪಿಗೆ ಸೇರಿಸಿ. ಸುಡೋ ಕಪ್ಸ್‌ಸಿಟಿಎಲ್ ಕಮಾಂಡಿನಲ್ಲಿ ಶೇರ್-ಪ್ರಿಂಟರ್ಸ್ ಮತ್ತು ರಿಮೋಟ್-ಅಡ್ಮಿನ್ ಎರಡನ್ನೂ ಆನ್ ಮಾಡಿ. ಎರಡಕ್ಕೂ ಮುಂದೆ ಎರಡೆರಡು ಅಡ್ಡಗೀಟು ಬರುತ್ತದೆ. ರಿಮೋಟ್-ಎನಿ ಎಂಬ ಇನ್ನೊಂದು ಆಯ್ಕೆ ಕಾಣುತ್ತದೆ. ಅದು ಹೊರಗಿನ ಯಾವ ವಿಳಾಸದಿಂದ ಬಂದರೂ ಬಾಗಿಲು ತೆರೆಯುತ್ತದೆ. ಮುಟ್ಟಬೇಡಿ.

ಈಗ ಕೌಂಟರಿನ ಯಾವುದಾದರೂ ಕಂಪ್ಯೂಟರಿನ ಬ್ರೌಸರಿನಲ್ಲಿ ಆ ಐಪಿ ವಿಳಾಸ, ಕೋಲನ್, 631 ಅಂತ ಹಾಕಿ. ಕಪ್ಸ್ ಪುಟ ತೆರೆಯುತ್ತದೆ. ಅಡ್ಮಿನಿಸ್ಟ್ರೇಶನ್ ಒಳಗೆ ಹೋಗುವಾಗ ಬ್ರೌಸರ್ ಸರ್ಟಿಫಿಕೇಟ್ ಸರಿಯಿಲ್ಲ ಅಂತ ಎಚ್ಚರಿಸುತ್ತದೆ. ಆ ಸರ್ಟಿಫಿಕೇಟನ್ನು ನಿಮ್ಮ ಮಷಿನ್ನೇ ತಯಾರಿಸಿಕೊಂಡದ್ದು, ಹಾಗಾಗಿ ಇಲ್ಲಿ ಮುಂದುವರಿಯಬಹುದು. ಆ್ಯಡ್ ಪ್ರಿಂಟರ್ ಒತ್ತಿದರೆ ಯುಎಸ್‌ಬಿಗೆ ಸಿಕ್ಕಿಸಿದ ಪ್ರಿಂಟರ್ ಪಟ್ಟಿಯಲ್ಲಿ ಕಾಣುತ್ತದೆ. ಹೆಸರು ಕೊಡಿ, ಶೇರ್ ಎಂಬ ಚೌಕಕ್ಕೆ ಟಿಕ್ ಹಾಕಿ, ಮಾಡೆಲ್ ಆರಿಸಿ. ಹೆಸರಿನಲ್ಲಿ ಖಾಲಿ ಜಾಗ ಇರಬಾರದು.

ಒಂದು ಉಪಾಯ. ಎರಡೂ ಬದಿ ಹೊಡೆಯುವ ಪ್ರಿಂಟರ್ ಇದ್ದರೆ ಅದಕ್ಕೇ ಎರಡು ಕ್ಯೂ ಮಾಡಿ. ಒಂದರಲ್ಲಿ ಒಂದು ಬದಿ ಅಂತ ಡೀಫಾಲ್ಟ್ ಇಡಿ, ಇನ್ನೊಂದರಲ್ಲಿ ಎರಡು ಬದಿ. ಕೌಂಟರಿನ ಹುಡುಗರು ಪ್ರಾಪರ್ಟೀಸ್ ಒಳಗೆ ಹುಡುಕುತ್ತ ಕೂರುವುದು ತಪ್ಪುತ್ತದೆ. ಕ್ಯೂನ ಹೆಸರು ನೋಡಿ ಕೊಟ್ಟರಾಯಿತು. ಇನ್ನು ಒಂದೇ ಮಾಡೆಲಿನ ಎರಡು ಪ್ರಿಂಟರ್ ಇದ್ದವರು ಎರಡನ್ನೂ ಸೇರಿಸಿ ಕ್ಲಾಸ್ ಎಂಬ ಒಂದೇ ಕ್ಯೂ ಮಾಡಬಹುದು. ಆಗ ಎರಡರಲ್ಲಿ ಯಾವುದು ಖಾಲಿ ಇದೆಯೋ ಅದಕ್ಕೆ ಕೆಲಸ ಹೋಗುತ್ತದೆ.

ಕೌಂಟರಿನ ಕಂಪ್ಯೂಟರ್‌ಗಳು, ಮತ್ತು ನುಡಿ ಫಾಂಟು

ವಿಂಡೋಸಿನಲ್ಲಿ ಪ್ರಿಂಟರ್ ಸೇರಿಸುವಾಗ ಅದು ತಾನಾಗಿ ಹುಡುಕಲು ಬಿಡಬೇಡಿ. ಮ್ಯಾನುವಲ್ ಆಯ್ಕೆ ಒತ್ತಿ, ಶೇರ್ ಆದ ಪ್ರಿಂಟರನ್ನು ಹೆಸರಿನಿಂದ ಆರಿಸುವ ಜಾಗದಲ್ಲಿ ವಿಳಾಸ ಹಾಕಿ. ಎಚ್‌ಟಿಟಿಪಿ, ಕೋಲನ್, ಎರಡು ಓರೆಗೀಟು, ಆಮೇಲೆ ಐಪಿ, ಕೋಲನ್ 631, ಓರೆಗೀಟು, ಪ್ರಿಂಟರ್ಸ್, ಓರೆಗೀಟು, ಕ್ಯೂನ ಹೆಸರು. ಡ್ರೈವರ್ ಕೇಳಿದಾಗ ಮೈಕ್ರೋಸಾಫ್ಟ್ ಪಟ್ಟಿಯಿಂದ ಪಿಎಸ್ ಕ್ಲಾಸ್ ಡ್ರೈವರ್ ಆರಿಸಿ. ಅಂದರೆ ಕೌಂಟರಿನ ಕಂಪ್ಯೂಟರ್ ಕೆಲಸವನ್ನು ಪೋಸ್ಟ್‌ಸ್ಕ್ರಿಪ್ಟ್ ಎಂಬ, ಪುಟವನ್ನು ವಿವರಿಸುವ ಭಾಷೆಯಲ್ಲಿ ಕಳಿಸುತ್ತದೆ. ಅದನ್ನು ಪ್ರಿಂಟರಿನ ಭಾಷೆಗೆ ತಿರುಗಿಸುವುದು ಹಿಂದಿನ ಕೋಣೆಯ ಮಷಿನ್. ಪ್ರಿಂಟರ್ ಕಂಪನಿಯ ಡ್ರೈವರನ್ನು ಕೌಂಟರಿನಲ್ಲಿ ಹಾಕಬೇಡಿ. ಎರಡೂ ಕಡೆ ತಿರುಗಿಸಲು ಹೋದರೆ ಪುಟದ ತುಂಬ ಕಸ ಅಕ್ಷರ ಬರುತ್ತದೆ.

ಈ ಕ್ರಮದಲ್ಲಿ ಕನ್ನಡದವರಿಗೆ ಒಂದು ದೊಡ್ಡ ಲಾಭ ಇದೆ. ನಮ್ಮಲ್ಲಿ ಇನ್ನೂ ಎಷ್ಟೋ ಅರ್ಜಿ, ಕರಪತ್ರ, ಮದುವೆ ಕರೆಯೋಲೆ ನುಡಿ ಅಥವಾ ಬರಹ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲೇ ಇರುತ್ತವೆ. ಅವು ಯೂನಿಕೋಡ್ ಅಲ್ಲ. ಫಾಂಟು ಇಲ್ಲದ ಕಡೆ ತೆರೆದರೆ ವಿಚಿತ್ರ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಹಾಗಾದರೆ ಸ್ಪೂಲರ್ ಮಷಿನ್ನಿಗೂ ನುಡಿ ಹಾಕಬೇಕಾ? ಬೇಡ. ಕೌಂಟರಿನ ಕಂಪ್ಯೂಟರ್ ಪೋಸ್ಟ್‌ಸ್ಕ್ರಿಪ್ಟ್ ಮಾಡುವಾಗಲೇ ಬೇಕಾದ ಅಕ್ಷರಗಳ ಆಕಾರವನ್ನು ಕೆಲಸದ ಜೊತೆಗೇ ಕಟ್ಟಿ ಕಳಿಸುತ್ತದೆ. ಕೌಂಟರಿನಲ್ಲಿ ಫಾಂಟು ಇದ್ದರೆ ಸಾಕು.

ಎಡವಟ್ಟಾಗುವುದು ಬೇರೆ ಕಡೆ. ಗಿರಾಕಿ ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸುತ್ತಾರೆ, ಅದನ್ನು ಮಾಡಿದವರು ಫಾಂಟು ಒಳಗೆ ಸೇರಿಸಿರುವುದಿಲ್ಲ. ತೆರೆದ ಕೂಡಲೇ ನೋಡಿ ಪ್ರಿಂಟ್ ಕೊಡುವುದು ಅಭ್ಯಾಸ ಆಗಬೇಕು. ಅನುಮಾನ ಬಂದರೆ ಪಿಡಿಎಫ್ ರೀಡರಿನ ಪ್ರಾಪರ್ಟೀಸ್‌ಗೆ ಹೋಗಿ ಫಾಂಟ್ಸ್ ಪಟ್ಟಿ ನೋಡಿ. ಪ್ರತಿ ಫಾಂಟಿನ ಎದುರು ಎಂಬೆಡೆಡ್ ಅಂತ ಇರಬೇಕು. ಇಲ್ಲದಿದ್ದರೆ ಮೂಲ ಫೈಲನ್ನೇ ತರಿಸಿಕೊಳ್ಳಿ. ಗ್ರಾಮ ಪಂಚಾಯ್ತಿಗೆ ಕೊಡುವ ಅರ್ಜಿಯಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಊರಿಂದ ಬಂದವರು ಮತ್ತೆ ಬಸ್ಸು ಹತ್ತಬೇಕಾಗುತ್ತದೆ.

ಕರೆಂಟು ಹೋದಾಗ

ಮಲೆನಾಡಿನ ಮಳೆಗಾಲದಲ್ಲಿ ಅಂಗಡಿ ನಡೆಸುವವರಿಗೆ ಇದೇ ದೊಡ್ಡ ಪಾಠ. ಎಲ್ಲೋ ಕಾಡಿನಲ್ಲಿ ಮರ ಲೈನಿನ ಮೇಲೆ ಬೀಳುತ್ತದೆ, ಇಲ್ಲಿ ಕರೆಂಟು ಹೋಗುತ್ತದೆ. ದಿನಕ್ಕೆ ಎಷ್ಟು ಸಲ ಅಂತ ಲೆಕ್ಕ ಇಡುವುದಿಲ್ಲ.

ಸ್ಪೂಲರ್ ಮಷಿನ್, ರೌಟರ್, ಕೌಂಟರಿನ ಕಂಪ್ಯೂಟರ್‌ಗಳು ಯುಪಿಎಸ್ ಮೇಲೆ ಇರಲಿ. ಲೇಸರ್ ಪ್ರಿಂಟರನ್ನು ಸಣ್ಣ ಯುಪಿಎಸ್‌ಗೆ ಹಾಕಬೇಡಿ. ಟೋನರನ್ನು ಕಾಗದಕ್ಕೆ ಅಂಟಿಸುವ ಫ್ಯೂಸರ್ ಬಿಸಿಯಾಗುವಾಗ ಒಮ್ಮೆಲೇ ತುಂಬ ಕರೆಂಟು ಎಳೆಯುತ್ತದೆ. ಯುಪಿಎಸ್ ಕೂತುಬಿಡುತ್ತದೆ, ಜೊತೆಗೆ ಎಲ್ಲವೂ ಆಫ್.

ಅಂದರೆ ಕರೆಂಟು ಹೋದಾಗ ಪ್ರಿಂಟರ್ ಸಾಯುತ್ತದೆ, ಕ್ಯೂ ಬದುಕಿರುತ್ತದೆ. ಇಲ್ಲೇ ಒಂದು ಸೆಟ್ಟಿಂಗ್ ನಿಮ್ಮ ದಿನವನ್ನು ಉಳಿಸುತ್ತದೆ ಅಥವಾ ಕೆಡಿಸುತ್ತದೆ. ಕಪ್ಸ್ ಪುಟದಲ್ಲಿ ಪ್ರಿಂಟರ್ ತೆರೆದು, ಸೆಟ್ ಡೀಫಾಲ್ಟ್ ಆಪ್ಶನ್ಸ್, ಅದರೊಳಗೆ ಪಾಲಿಸೀಸ್, ಅಲ್ಲಿ ಎರರ್ ಪಾಲಿಸಿ ನೋಡಿ. ಸ್ಟಾಪ್-ಪ್ರಿಂಟರ್ ಅಂತ ಇದ್ದರೆ ಒಂದು ತಪ್ಪು ಆದ ಕೂಡಲೇ ಇಡೀ ಕ್ಯೂ ನಿಲ್ಲುತ್ತದೆ. ಕರೆಂಟು ಬಂದರೂ ನಿಂತೇ ಇರುತ್ತದೆ. ಕೌಂಟರಿನಿಂದ ಕೊಟ್ಟ ಪ್ರಿಂಟೆಲ್ಲ ಸದ್ದಿಲ್ಲದೆ ಒಳಗೆ ಸೇರುತ್ತಾ ಹೋಗುತ್ತವೆ, ಕಾಗದ ಮಾತ್ರ ಬರುವುದಿಲ್ಲ. ಪ್ರಿಂಟರಿನ ಹಸಿರು ದೀಪ ಉರಿಯುತ್ತಿರುತ್ತದೆ, ಹುಡುಗರು ಮತ್ತೆ ಮತ್ತೆ ಪ್ರಿಂಟ್ ಒತ್ತುತ್ತಾರೆ. ಯಾರೋ ಒಬ್ಬರು ಕೊನೆಗೆ ಕ್ಯೂ ಬಿಡಿಸಿದಾಗ ಒಂದೇ ಅರ್ಜಿ ಐದಾರು ಸಲ ಹೊರಗೆ ಬೀಳುತ್ತದೆ.

ಅದನ್ನು ರೀಟ್ರೈ-ಕರೆಂಟ್-ಜಾಬ್ ಅಂತ ಬದಲಿಸಿ. ಆಗ ಪ್ರಿಂಟರ್ ವಾಪಸ್ ಬಂದ ಮೇಲೆ ನಿಂತ ಕೆಲಸವನ್ನೇ ಮತ್ತೆ ಹಿಡಿಯುತ್ತದೆ. ಸರದಿ ತಪ್ಪುವುದಿಲ್ಲ. ಸರದಿ ತಪ್ಪದಿರುವುದು ಅಂಗಡಿಯಲ್ಲಿ ಸಣ್ಣ ವಿಷಯ ಅಲ್ಲ. "ಅಕ್ಕಾ, ನಾನು ಅವರಿಗಿಂತ ಮುಂಚೆ ಕೊಟ್ಟಿದ್ದೆ" ಅನ್ನುವ ಮಾತಿಗೆ ಉತ್ತರ ಇರಬೇಕಲ್ವಾ?

ಆದರೆ ಒಂದು ಎಚ್ಚರ. ಅರ್ಧಕ್ಕೆ ನಿಂತ ಕೆಲಸ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಮೊದಲ ಪುಟದಿಂದ ಶುರುವಾಗುತ್ತದೆ. ನಾಲ್ಕು ಪುಟದ ಅರ್ಜಿಗೆ ಪರವಾಗಿಲ್ಲ. ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ರಿಪೋರ್ಟ್ 80 ಪುಟ ಹೊಡೆದು ನಿಂತಿದ್ದರೆ ಅಷ್ಟೂ ಪೇಪರ್ ದಂಡ. ಹಾಗಾಗಿ ಕರೆಂಟು ಹೋದ ಕೂಡಲೇ ನಮ್ಮಲ್ಲಿ ಮೊದಲ ಕೆಲಸ ಬ್ರೌಸರ್ ತೆರೆದು ಕಪ್ಸ್ ಪುಟದಲ್ಲಿ ಆ ಪ್ರಿಂಟರನ್ನು ಪಾಜ್ ಮಾಡುವುದು, ಅಂದರೆ ತಡೆದು ನಿಲ್ಲಿಸುವುದು. ಆಮೇಲೆ ಟ್ರೇಯಲ್ಲಿ ಎಷ್ಟು ಪುಟ ಬಂದಿದೆ ನೋಡಿ, ಆ ಕೆಲಸವನ್ನು ಕ್ಯಾನ್ಸಲ್ ಮಾಡಿ, ಉಳಿದ ಪುಟಗಳನ್ನು ಕೌಂಟರಿನಿಂದ ಪೇಜ್ ರೇಂಜ್ ಹಾಕಿ ಮತ್ತೆ ಕಳಿಸುವುದು. ಕರೆಂಟು ಬಂದ ಮೇಲೆ ರೆಸ್ಯೂಮ್. ದೊಡ್ಡ ಕೆಲಸವನ್ನು ಮೊದಲೇ 40-50 ಪುಟದ ತುಂಡು ಮಾಡಿ ಕೊಡುವುದು ಇನ್ನೂ ಒಳ್ಳೆಯದು. ನಡುವೆ ಒಂದು ಪುಟದ ಪಹಣಿಗೆ ಬಂದ ಅಜ್ಜನಿಗೂ ಬೇಗ ಜಾಗ ಸಿಗುತ್ತದೆ.

ಯುಪಿಎಸ್ ಕೂಡ ಮುಗಿದು ಸ್ಪೂಲರ್ ಮಷಿನ್ನೇ ಆಫ್ ಆದರೆ? ಕೆಲಸಗಳು ಡಿಸ್ಕಿನಲ್ಲಿ ಇರುವುದರಿಂದ, ಮತ್ತೆ ಎದ್ದಾಗ ಕಪ್ಸ್ ಅವನ್ನು ಓದಿಕೊಂಡು ಮುಂದುವರಿಸುತ್ತದೆ. ಇದಕ್ಕೆ ಇನ್ನಷ್ಟು ಬಲ ಬೇಕಿದ್ದರೆ ಕಪ್ಸ್-ಫೈಲ್ಸ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಸಿಂಕ್‌ಆನ್‌ಕ್ಲೋಸ್ ಎಂಬುದನ್ನು ಯೆಸ್ ಮಾಡಿ. ಕಪ್ಸ್ ತನ್ನ ಲೆಕ್ಕಪತ್ರವನ್ನು ಆಗಿಂದಾಗಲೇ ಡಿಸ್ಕಿಗೆ ಗಟ್ಟಿಯಾಗಿ ಬರೆಯುತ್ತದೆ.

ಮಳೆಗಾಲದ ಇನ್ನೊಂದು ವಿಷಯ. ಪೇಪರ್ ತೇವ ಹಿಡಿದರೆ ಜಾಮ್ ಜಾಸ್ತಿ. ರಿಮ್ ಒಡೆದ ಮೇಲೆ ಉಳಿದದ್ದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡಿ. ಟ್ರೇಯಲ್ಲಿ ರಾತ್ರಿಯಿಡೀ ಬಿಡಬೇಡಿ. ಸ್ಪೂಲರಿನ ತಪ್ಪು ಅಂದುಕೊಳ್ಳುವ ಎಷ್ಟೋ ತೊಂದರೆ ಬೆಳಗಿನ ಈ ಮೆತ್ತಗಿನ ಪೇಪರಿನದ್ದು.

ಮುಗಿದದ್ದು ಉಳಿಯಬಾರದು

ಕಪ್ಸ್ ಕೆಲಸಗಳನ್ನು ಇಡುವುದು ವಾರ್ ಫೋಲ್ಡರ್, ಅದರೊಳಗೆ ಸ್ಪೂಲ್, ಅದರೊಳಗಿನ ಕಪ್ಸ್ ಎಂಬ ಫೋಲ್ಡರಿನಲ್ಲಿ. ಸುಡೋ ಇಲ್ಲದೆ ಒಳಗೆ ನೋಡಲು ಬರುವುದಿಲ್ಲ. ನೋಡಿದರೆ ಎರಡು ಬಗೆಯ ಫೈಲು. ಸಿ ಅಕ್ಷರದಿಂದ ಶುರುವಾಗುವುದು ಕೆಲಸದ ವಿವರ. ಯಾರು ಕೊಟ್ಟರು, ಎಷ್ಟು ಪ್ರತಿ, ಫೈಲಿನ ಹೆಸರೇನು. ಡಿ ಅಕ್ಷರದಿಂದ ಶುರುವಾಗುವುದು ಕಾಗದವೇ. ಅಂದರೆ ಇಡೀ ಆಧಾರ್, ಇಡೀ ಪಾಸ್‌ಬುಕ್.

ನೀವು ಏನೂ ಬದಲಿಸದಿದ್ದರೆ, ಪ್ರಿಂಟ್ ಆದ ಮೇಲೂ ಆ ಡಿ ಫೈಲು 86,400 ಸೆಕೆಂಡ್ ಅಲ್ಲೇ ಇರುತ್ತದೆ. ಅಂದರೆ ಪೂರಾ ಒಂದು ದಿನ. ಬೇಕಾದರೆ ಮತ್ತೆ ಹೊಡೆಯಲಿ ಅನ್ನುವ ಉದ್ದೇಶಕ್ಕೆ. ಆಫೀಸಿಗೆ ಅದು ಅನುಕೂಲವಿರಬಹುದು. ನಮ್ಮ ಅಂಗಡಿಗೆ ಬೇಡ. ಸುಡೋ ಕಪ್ಸ್‌ಸಿಟಿಎಲ್ ಪ್ರಿಸರ್ವ್‌ಜಾಬ್‌ಫೈಲ್ಸ್ ಸಮ ಚಿಹ್ನೆ ನೋ ಅಂತ ಕೊಡಿ. ಇನ್ನು ಪ್ರಿಂಟ್ ಮುಗಿದ ಕೂಡಲೇ ಡಿ ಫೈಲು ಅಳಿಸಿಹೋಗುತ್ತದೆ. ರೀಪ್ರಿಂಟ್ ಮಾಡಲು ಆಗುವುದಿಲ್ಲ, ಕೌಂಟರಿನಿಂದಲೇ ಮತ್ತೆ ಕೊಡಬೇಕು. ಅದು ಸರಿಯಾದ ಬೆಲೆ ಅಂತ ನನ್ನ ಅಭಿಪ್ರಾಯ.

ವಿವರದ ಸಿ ಫೈಲುಗಳು ಬೇರೆ ಲೆಕ್ಕ. ಪ್ರಿಸರ್ವ್‌ಜಾಬ್‌ಹಿಸ್ಟರಿ ಎಂಬುದಕ್ಕೆ 86400 ಅಂತ ಕೊಟ್ಟರೆ ಅವು ಒಂದು ದಿನ ಇದ್ದು ಹೋಗುತ್ತವೆ. ಸಂಜೆ ಯಾರದೋ ಪ್ರಿಂಟ್ ಬಂತಾ ಇಲ್ಲವಾ ಅಂತ ನೋಡಲು ಅಷ್ಟು ಸಾಕು. ಪುಟಗಳ ಲೆಕ್ಕ ಬೇಕಿದ್ದರೆ ಪೇಜ್‌ಲಾಗ್‌ಫಾರ್ಮ್ಯಾಟ್ ತುಂಬಿ, ಆದರೆ ಅದರಲ್ಲಿ ಫೈಲಿನ ಹೆಸರು ಬರದ ಹಾಗೆ ನೋಡಿಕೊಳ್ಳಿ. ಪ್ರಿಂಟರ್ ಹೆಸರು, ತಾರೀಖು, ಪುಟ, ಇಷ್ಟೇ ಸಾಕು. ಗಿರಾಕಿಗಳ ಫೈಲಿನ ಹೆಸರಿನಲ್ಲೇ ಅವರ ಹೆಸರು, ಕಾಯಿಲೆಯ ಹೆಸರು ಇರುತ್ತದೆ.

ಕೆಲವರು ಸ್ಪೂಲ್ ಫೋಲ್ಡರನ್ನು ಡಿಸ್ಕಿನ ಬದಲು ರ‍್ಯಾಮಿನಲ್ಲಿ ಇಡುತ್ತಾರೆ. ಆಫ್ ಮಾಡಿದರೆ ಏನೂ ಉಳಿಯುವುದಿಲ್ಲ, ಗುಟ್ಟು ಕಾಪಾಡಲು ಅದೇ ಚೆನ್ನ. ಆದರೆ ಮಷಿನ್ ಆಫ್ ಆದರೆ ಕ್ಯೂನಲ್ಲಿದ್ದ ಕೆಲಸವೂ ಹೋಯಿತು. ನಾನು ಹೇಳಿದ ಎರಡು ಮಾತು ಇಲ್ಲಿ ಒಂದಕ್ಕೊಂದು ಎದುರಾಗುತ್ತವೆ. ಶಿರಸಿಯ ಕರೆಂಟಿನಲ್ಲಿ ನಾನು ಡಿಸ್ಕನ್ನೇ ಆರಿಸಿಕೊಂಡೆ. ಬದಲಿಗೆ ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ. ಆ ಮಷಿನ್ ರಿಪೇರಿಗೆ ಹೋಗುವಾಗ ಡಿಸ್ಕ್ ಬಿಚ್ಚಿ ಅಂಗಡಿಯಲ್ಲೇ ಇಟ್ಟುಕೊಳ್ಳುತ್ತೇನೆ. ಗುಜರಿಗಂತೂ ಡಿಸ್ಕ್ ಕೊಡುವುದೇ ಇಲ್ಲ. ಅಳಿಸಿದ ಫೈಲನ್ನು ವಾಪಸ್ ತೆಗೆಯುವ ಸಾಫ್ಟ್‌ವೇರ್ ಸುಲಭವಾಗಿ ಸಿಗುತ್ತದೆ. ಕರೆಂಟು ಚೆನ್ನಾಗಿರುವ ಊರಿನವರು ರ‍್ಯಾಮ್ ಆರಿಸಿದರೆ ತಪ್ಪೇನಿಲ್ಲ.

ದೊಡ್ಡ ಝೆರಾಕ್ಸ್ ಮಷಿನ್‌ಗಳ ಒಳಗೂ ಹಾರ್ಡ್‌ಡಿಸ್ಕ್ ಇರುವುದುಂಟು, ಅಲ್ಲೂ ಪುಟಗಳು ಉಳಿಯಬಹುದು. ಮಷಿನ್ ವಾಪಸ್ ಕೊಡುವ ಮುಂಚೆ ಅದನ್ನು ಅಳಿಸುವ ಆಯ್ಕೆ ಎಲ್ಲಿದೆ ಅಂತ ಸರ್ವಿಸ್‌ನವರನ್ನು ಕೇಳಿ. ಕೌಂಟರಿನ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರನ್ನೂ ದಿನಾ ಸಂಜೆ ಖಾಲಿ ಮಾಡಿ. ಸ್ಪೂಲರ್ ಎಷ್ಟೇ ಶುದ್ಧವಾಗಿದ್ದರೂ ವಾಟ್ಸಾಪಿನಿಂದ ಇಳಿಸಿದ ಫೈಲು ಅಲ್ಲೇ ಕೂತಿದ್ದರೆ ಏನು ಬಂತು? ಬರೀ ಗುರುತಿಗೆ ಆಧಾರ್ ಕೇಳಿದ್ದಾರೆ ಅನ್ನುವವರಿಗೆ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಲು ಹೇಳಿ. ಅದರಲ್ಲಿ ಮೊದಲ 8 ಅಂಕಿ ಮುಚ್ಚಿರುತ್ತವೆ.

ಬಾಗಿಲು ಎಷ್ಟು ತೆರೆದಿರಬೇಕು

ಸ್ಪೂಲರ್ ಎಂದರೆ ನೆಟ್‌ವರ್ಕಿನ ಕಡೆ ಸದಾ ಕಿವಿ ತೆರೆದುಕೊಂಡಿರುವ ಸೇವೆ. ಅದಕ್ಕೇ ಕಳ್ಳರ ಕಣ್ಣು ಅದರ ಮೇಲೆ ಬಿದ್ದಿದೆ. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಕಂಪ್ಯೂಟರ್ ವರ್ಮ್ ಹರಡಲು ಬಳಸಿದ ದಾರಿಗಳಲ್ಲಿ ವಿಂಡೋಸ್ ಸ್ಪೂಲರಿನ ಒಂದು ದೋಷವೂ ಇತ್ತು. 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ಇನ್ನೊಂದು ದೋಷ ಬಂತು. ವಿಂಡೋಸ್ ಸ್ಪೂಲರ್ ಸಿಸ್ಟಮ್ ಎಂಬ ಪೂರಾ ಹಕ್ಕಿನಲ್ಲೇ ಓಡುವುದರಿಂದ ಅದರ ಮೂಲಕ ಇಡೀ ಕಂಪ್ಯೂಟರ್ ಕೈವಶ ಆಗುವಂತಿತ್ತು. 2024ರ ಸೆಪ್ಟೆಂಬರಿನಲ್ಲಿ ಲಿನಕ್ಸ್ ಕಡೆ ಕಪ್ಸ್-ಬ್ರೌಸ್ಡ್ ಎಂಬ ಜೊತೆ ಸೇವೆಯಲ್ಲಿ ದೋಷ ಸಿಕ್ಕಿತು.

ಆ ಕಪ್ಸ್-ಬ್ರೌಸ್ಡ್ ಇರುವುದು ಬೇರೆಯವರ ಪ್ರಿಂಟರ್ ಹುಡುಕಲು. ಪ್ರಿಂಟರ್ ಹಂಚುವ ಮಷಿನ್ನಿಗೆ ಅದು ಬೇಕಿಲ್ಲ. ಸುಡೋ ಆ್ಯಪ್ಟ್ ರಿಮೂವ್ ಮಾಡಿ ತೆಗೆದುಬಿಡಿ. ಅಪ್‌ಡೇಟ್‌ಗಳನ್ನು ವಾರಕ್ಕೊಮ್ಮೆ ಹಾಕಿ, ಭಾನುವಾರ ಅಂಗಡಿ ಮುಚ್ಚಿದ ಮೇಲೆ. ರೌಟರಿನಲ್ಲಿ 631 ಪೋರ್ಟನ್ನು ಹೊರಗೆ ಫಾರ್ವರ್ಡ್ ಮಾಡಬೇಡಿ, ಅಂದರೆ ಇಂಟರ್ನೆಟ್ಟಿನ ಕಡೆಗೆ ತೆರೆಯಬೇಡಿ. ಗಿರಾಕಿಗಳಿಗೆ ವೈಫೈ ಕೊಡುವುದಾದರೆ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿ ಕೊಡಿ. ಒಂದೇ ವೈಫೈ ಇದ್ದರೆ ಅವರ ಫೋನಿಗೂ ನಿಮ್ಮ ಕ್ಯೂ ಕಾಣುತ್ತದೆ.

ವಿಂಡೋಸಿನಲ್ಲೇ ಇಡುವವರಿಗೆ

ಎಲ್ಲರೂ ಲಿನಕ್ಸ್‌ಗೆ ಬರಬೇಕು ಅಂತ ನಾನು ಹೇಳುವುದಿಲ್ಲ. ವಿಂಡೋಸ್ ಮಷಿನ್ ಒಂದನ್ನೇ ಹಿಂದಿನ ಕೋಣೆಗೆ ಮೀಸಲಿಟ್ಟರೂ ಕೆಲಸ ಆಗುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ ಎಂಬುದು ಮಾತ್ರ ನೆನಪಿರಲಿ. ಸ್ಲೀಪ್ ಪೂರಾ ಬಂದ್ ಮಾಡಿ.

ಸರ್ವಿಸಸ್ ಪಟ್ಟಿ ತೆರೆದು ಪ್ರಿಂಟ್ ಸ್ಪೂಲರ್ ಮೇಲೆ ಎರಡು ಸಲ ಒತ್ತಿ. ಸ್ಟಾರ್ಟಪ್ ಆಟೊಮ್ಯಾಟಿಕ್ ಇರಬೇಕು. ರಿಕವರಿ ಎಂಬ ಟ್ಯಾಬಿನಲ್ಲಿ ಮೂರೂ ಕಡೆ ರೀಸ್ಟಾರ್ಟ್ ದ ಸರ್ವಿಸ್ ಅಂತ ಆರಿಸಿ. ಸೇವೆ ಬಿದ್ದರೆ ತಾನೇ ಏಳುತ್ತದೆ. ಆಮೇಲೆ ಪ್ರಿಂಟರ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಟ್ಯಾಬಿಗೆ ಹೋಗಿ. ಕೀಪ್ ಪ್ರಿಂಟೆಡ್ ಡಾಕ್ಯುಮೆಂಟ್ಸ್ ಎಂಬ ಚೌಕದಲ್ಲಿ ಟಿಕ್ ಇರಬಾರದು. ಮುಗಿದದ್ದು ಉಳಿಯಬಾರದು ಎಂಬ ಮಾತಿಗೆ ವಿಂಡೋಸಿನ ಉತ್ತರ ಅದೇ. ಅಲ್ಲೇ ಕೊನೆಯ ಪುಟ ಸ್ಪೂಲ್ ಆದ ಮೇಲೆ ಪ್ರಿಂಟ್ ಶುರು ಮಾಡು ಅನ್ನುವ ಆಯ್ಕೆ ಇದೆ. ದೊಡ್ಡ ಫೋಟೊಗಳಿರುವ ಫೈಲು ಜಾಸ್ತಿ ಬರುವ ಅಂಗಡಿಗೆ ಅದು ಒಳ್ಳೆಯದು. ಒಬ್ಬರ ಫೈಲು ನಿಧಾನ ಬರುತ್ತಿದ್ದರೆ ಪ್ರಿಂಟರ್ ಅವರಿಗಾಗಿ ಬಾಯಿ ತೆರೆದುಕೊಂಡು ಕಾಯುವುದಿಲ್ಲ.

ಕೆಲಸ ಸಿಕ್ಕಿಕೊಂಡು ಡಿಲೀಟಿಂಗ್ ಅಂತಲೇ ತೋರಿಸುತ್ತಿದ್ದರೆ ಹೀಗೆ ಮಾಡಿ. ಸರ್ವಿಸಸ್‌ನಲ್ಲಿ ಸ್ಪೂಲರ್ ನಿಲ್ಲಿಸಿ. ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಆ ಕೊನೆಯ ಫೋಲ್ಡರಿನ ಒಳಗಿರುವ ಫೈಲುಗಳನ್ನು ಅಳಿಸಿ, ಫೋಲ್ಡರನ್ನಲ್ಲ. ಎಸ್‌ಪಿಎಲ್ ಅಂತ ಕೊನೆಯಾಗುವುದು ಕಾಗದ, ಎಸ್‌ಎಚ್‌ಡಿ ಅಂತ ಕೊನೆಯಾಗುವುದು ಅದರ ವಿವರ. ಆಮೇಲೆ ಸ್ಪೂಲರ್ ಮತ್ತೆ ಶುರು ಮಾಡಿ. ಹೀಗೆ ಮಾಡಿದರೆ ಎಲ್ಲ ಪ್ರಿಂಟರ್‌ಗಳ, ಎಲ್ಲರ ಕೆಲಸವೂ ಹೋಗುತ್ತದೆ. ಹಾಗಾಗಿ ಮೊದಲು ಕೌಂಟರಿಗೆ ಕೂಗಿ ಹೇಳಿ.

ಕಪ್ಸ್‌ನಲ್ಲಿ ಇಷ್ಟು ಜೋರು ಮಾಡಬೇಕಾಗುವುದು ಅಪರೂಪ. ಎಲ್‌ಪಿಸ್ಟ್ಯಾಟ್ ಅಡ್ಡಗೀಟು ಟಿ ಅಂತ ಕೊಟ್ಟರೆ ಪೂರಾ ಸ್ಥಿತಿ ತೋರಿಸುತ್ತದೆ. ಕ್ಯೂ ನಿಂತಿದ್ದರೆ ಸುಡೋ ಕಪ್ಸ್‌ಎನೇಬಲ್ ಮತ್ತು ಕ್ಯೂನ ಹೆಸರು. ಕಾರಣ ಬೇಕಿದ್ದರೆ ವಾರ್, ಲಾಗ್, ಕಪ್ಸ್ ಒಳಗಿನ ಎರರ್ ಲಾಗ್ ನೋಡಿ. ಏನೂ ಅರ್ಥವಾಗದಿದ್ದರೆ ಲಾಗ್ ಲೆವೆಲನ್ನು ಡೀಬಗ್ ಮಾಡಿ ಒಂದು ಪುಟ ಕೊಟ್ಟು ನೋಡಿ. ನೋಡಿ ಮುಗಿದ ಮೇಲೆ ವಾರ್ನ್‌ಗೆ ವಾಪಸ್ ತನ್ನಿ, ಡೀಬಗ್ ಇದ್ದಷ್ಟು ಹೊತ್ತೂ ಲಾಗ್ ಬೇಡದ್ದನ್ನೆಲ್ಲ ಬರೆದಿಡುತ್ತದೆ.

ಎಲ್ಲ ಕೂರಿಸಿದ ಮೇಲೆ, ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಪರೀಕ್ಷೆ ಮಾಡಿ. ಮೂರೂ ಕಂಪ್ಯೂಟರ್‌ನಿಂದ ಒಟ್ಟಿಗೆ ಪ್ರಿಂಟ್ ಕೊಟ್ಟು, ನಡುವೆ ಪ್ರಿಂಟರಿನ ಸ್ವಿಚ್ ತೆಗೆಯಿರಿ. ಸ್ವಲ್ಪ ಹೊತ್ತು ಬಿಟ್ಟು ಹಾಕಿ. ಯಾರೂ ಏನೂ ಮುಟ್ಟದೆ ಮೂರೂ ಕೆಲಸ ಸರದಿಯಲ್ಲಿ ಬರಬೇಕು. ಆಮೇಲೆ ಸ್ಪೂಲ್ ಫೋಲ್ಡರ್ ತೆರೆದು ನೋಡಿ. ಡಿ ಅಕ್ಷರದ ಒಂದು ಫೈಲೂ ಅಲ್ಲಿ ಇರಬಾರದು.